ದೀಪ ಸಹಿಸದ ಮೀನು

ಒಂದೇ ನೋಟಕ್ಕೆ ಹೇಳಿಬಿಡುತ್ತೇನೆ ಎನ್ನುವ ಚಟ ನನಗೆ ಅಂಟಿದ್ದು ಕಸುಬಿನಿಂದ. ಕನ್ನಡಕದ ಅಂಗಡಿಯಲ್ಲಿ ಹತ್ತೊಂಬತ್ತು ವರ್ಷದಿಂದ ಗಾಜು ಉಜ್ಜಿ, ಫ್ರೇಮಿಗೆ ಕೂರಿಸಿ, ಸಾಸಿವೆಕಾಳಿನಷ್ಟು ಸ್ಕ್ರೂ ಬಿಗಿದು ಕೊಡುವವನು ನಾನು. ಗಿರಾಕಿ ಬಾಗಿಲಲ್ಲಿ ನಿಂತು ಕಣ್ಣು ಕಿರಿದು ಮಾಡಿ ಬೋರ್ಡು ಓದುವುದನ್ನು ನೋಡಿಯೇ ಅವರ ನಂಬರ್ ಹೇಳುತ್ತೇನೆ. ಹತ್ತರಲ್ಲಿ ನಾಲ್ಕು ಸಲ ಸರಿಯಾಗುತ್ತದೆ. ಉಳಿದ ಆರು ಸಲ ಗಿರಾಕಿಯ ಕಣ್ಣಲ್ಲೇ ಏನೋ ದೋಷವಿರುತ್ತದೆ.

ಈ ಚಟವನ್ನು ಅಂಗಡಿಯಲ್ಲೇ ಬಿಟ್ಟು ಮನೆಗೆ ಹೋಗಿದ್ದರೆ ನಾನಿವತ್ತು ಸುಖವಾಗಿರುತ್ತಿದ್ದೆ. ಆದರೆ ನಾವಿರುವ ಮನೆಯೇ ಅಂಥದ್ದು. ಮಹಡಿಯ ಮೇಲೆ ನಾನು ಮತ್ತು ನನ್ನ ಹೆಂಡತಿ ಬಾಡಿಗೆಗಿದ್ದೇವೆ. ಕೆಳಗೆ ಮನೆಯ ಯಜಮಾನಿ, ಎಪ್ಪತ್ತರ ಹತ್ತಿರದವರು, ಒಬ್ಬರೇ ಇದ್ದಾರೆ. ಎರಡು ಎತ್ತರದ ಗೋದಾಮುಗಳ ನಡುವೆ ಸಿಕ್ಕಿಕೊಂಡ ಮನೆ. ಮಟಮಟ ಮಧ್ಯಾಹ್ನದಲ್ಲೂ ಅವರ ನಡುಮನೆಯಲ್ಲಿ ಎದುರಿಗಿರುವವರ ಮುಖ ಕಾಣಬೇಕಾದರೆ ದೀಪ ಹಾಕಬೇಕು.

ಹಾಕಬೇಕು ಎಂದೆನಷ್ಟೆ. ಹಾಕುವಂತಿರಲಿಲ್ಲ. ಯಜಮಾನಿಯ ಗಂಡ ಮೂವತ್ತಮೂರು ವರ್ಷ ಮನೆಮನೆಗೆ ಹೋಗಿ ಕರೆಂಟಿನ ಮೀಟರ್ ಓದಿ ನಿವೃತ್ತರಾದವರು. ಬೀದಿಯವರೆಲ್ಲ ಅವರನ್ನು ಮೀಟರ್ ಯಜಮಾನರು ಎಂದೇ ಕರೆಯುತ್ತಿದ್ದರು. ಮೀಟರಿನೊಳಗೆ ಒಂದು ಸಣ್ಣ ತಗಡಿನ ಚಕ್ರ ತಿರುಗುತ್ತದಲ್ಲ, ಅದು ತಿರುಗುವುದನ್ನು ಕಂಡರೆ ಅವರಿಗೆ ಆಗುತ್ತಿರಲಿಲ್ಲ. ಇಡೀ ಊರಿನ ಚಕ್ರಗಳನ್ನು ನಿಲ್ಲಿಸಲು ಆಗಲಿಲ್ಲ, ತಮ್ಮ ಮನೆಯದನ್ನಾದರೂ ನಿಲ್ಲಿಸೋಣ ಎಂದು ನಡುಮನೆಯಲ್ಲಿ ಸ್ವಿಚ್ ಬೋರ್ಡಿನ ಎದುರಿಗೇ ಕುರ್ಚಿ ಹಾಕಿ ಕೂತರು. ಯಾರಾದರೂ ದೀಪ ಹಾಕಿದರೆ ಅವರು ಬಯ್ಯುತ್ತಿರಲಿಲ್ಲ. ಎರಡೂ ಕೆನ್ನೆ ಉಬ್ಬುತ್ತಿದ್ದವು, ಕತ್ತು ಹಿಗ್ಗುತ್ತಿತ್ತು, ಕುರುಚಲು ಗಡ್ಡ ನಿಮಿರುತ್ತಿತ್ತು. ಸುಮ್ಮನೆ ದಿಟ್ಟಿಸುತ್ತಿದ್ದರು. ದೀಪ ಹಾಕಿದ ಕೈ ತಾನಾಗಿ ಹಿಂದಕ್ಕೆ ಹೋಗಿ ಆರಿಸಿಬಿಡುತ್ತಿತ್ತು.

ಹೋದ ವರ್ಷದ ಕೊನೆಯಲ್ಲಿ ಅವರು ಅದೇ ಕುರ್ಚಿಯಲ್ಲಿ ಕೂತಲ್ಲೇ ತೀರಿಕೊಂಡರು. ಕೊನೆಗೆ ಆಡಿದ ಮಾತು "ಬಚ್ಚಲಿಂದು" ಎಂದು. ಯಾರಿಗೂ ಅರ್ಥವಾಗಲಿಲ್ಲ. ಆಮೇಲೆ ಹೋಗಿ ನೋಡಿದರೆ ಬಚ್ಚಲಿನ ದೀಪ ಉರಿಯುತ್ತಿತ್ತು.

ಅದಾದ ಮೇಲೆ ಹದಿನಾರು ದಿನ ಯಜಮಾನಿ ಮನೆಯ ಎಲ್ಲ ದೀಪಗಳನ್ನೂ ಹಾಕಿಟ್ಟರು. ಅಟ್ಟದ ದೀಪವೂ ಉರಿಯಿತು. ಹಾದಿಯಲ್ಲಿ ಹೋಗುವವರು ಮದುವೆ ಮನೆಯೇನೋ ಎಂದುಕೊಂಡು ಒಳಗೆ ಇಣುಕಿ, ಕುರ್ಚಿ ನೋಡಿ, ತಲೆ ತಗ್ಗಿಸಿಕೊಂಡು ಹೋದರು. ಹದಿನೇಳನೆಯ ದಿನ ಮೀನು ಬಂತು.

ತಂದವರು ಯಜಮಾನಿಯ ಮೈದುನ. ಟೈಪಿಂಗ್ ಕಲಿಸುವ ಶಾಲೆ ನಡೆಸುತ್ತಾರೆ, ಟೈಪ್ ಮೇಷ್ಟ್ರು. ಅರವತ್ತು ದಾಟಿದೆ. ಮಾತಾಡುವಾಗಲೆಲ್ಲ ಅವರ ಹತ್ತು ಬೆರಳೂ ಮೇಜಿನ ಮೇಲೆ, ಮೇಜಿಲ್ಲದಿದ್ದರೆ ಸ್ವಂತ ತೊಡೆಯ ಮೇಲೆ, ಅದೇ ಮಾತನ್ನು ಟೈಪ್ ಮಾಡುತ್ತಿರುತ್ತವೆ. ಅಣ್ಣನೆಂದರೆ ಅವರಿಗೆ ಪ್ರಾಣ. ದಿನಾ ಸಂಜೆ ಬಂದು ಕುರ್ಚಿಯ ಎದುರು ನಿಂತು ಅವತ್ತು ನಡೆದದ್ದನ್ನೆಲ್ಲ ಒಪ್ಪಿಸಿ ಹೋಗುತ್ತಿದ್ದರು. ಅಣ್ಣ ಹೋದ ಮೇಲೆ ಒಪ್ಪಿಸಲು ಯಾರೂ ಇಲ್ಲದೆ ಬೀದಿಯಲ್ಲಿ ಒಬ್ಬರೇ ಗೊಣಗಿಕೊಂಡು ಓಡಾಡುತ್ತಿದ್ದರು. ಅದನ್ನು ನೋಡಿ ನನ್ನ ಹೆಂಡತಿಗೂ ಕಣ್ಣು ಒದ್ದೆಯಾಗಿತ್ತು.

"ಅತ್ತಿಗೆ, ಮನೇಲಿ ಒಂದು ಜೀವ ಅಂತ ಇರ್ಲಿ" ಎಂದು ಅವರು ಗಾಜಿನ ಪಾತ್ರೆ ತಂದರು. ಕುರ್ಚಿಯಲ್ಲಿ ಯಾರೂ ಕೂರುವಂತಿಲ್ಲ, ಖಾಲಿ ನೋಡುವುದಕ್ಕೂ ಆಗುವುದಿಲ್ಲ. ಅದಕ್ಕೆ ಅಣ್ಣನ ಹಳೇ ಟ್ರಂಕನ್ನು ಕುರ್ಚಿಯ ಮೇಲಿಟ್ಟು, ಟ್ರಂಕಿನ ಮೇಲೆ ಪಾತ್ರೆ ಇಟ್ಟರು. ಒಳಗೆ ಒಂದು ಫೈಟರ್ ಮೀನು. ಶಾಯಿಯಂಥ ಕಡುನೀಲಿ, ಗಿಡ್ಡ ರೆಕ್ಕೆ. ಅದು ಪಾತ್ರೆಯನ್ನು ಒಂದು ಸುತ್ತು ಹಾಕಿ, ಸ್ವಿಚ್ ಬೋರ್ಡಿನ ಕಡೆ ಮುಖ ಮಾಡಿ ನಿಂತಿತು.

ಅವತ್ತು ಸಂಜೆ ಯಜಮಾನಿ ದೀಪ ಹಾಕಿದರು. ಮೀನಿನ ಎರಡೂ ಕೆನ್ನೆ ಉಬ್ಬಿದವು. ಕತ್ತಿನ ಸುತ್ತ ಏನೋ ಹಿಗ್ಗಿತು. ಗಲ್ಲದ ಕೆಳಗಿಂದ ಒಂದು ಕಪ್ಪು ಗಡ್ಡ ಹೊರಬಂತು. ಅಲುಗದೆ ದಿಟ್ಟಿಸಿತು. ಯಜಮಾನಿಯ ಕೈ ತಾನಾಗಿ ಹಿಂದಕ್ಕೆ ಹೋಗಿ ಆರಿಸಿಬಿಟ್ಟಿತು. ಆಮೇಲೆ ಆ ಮನೆಯಲ್ಲಿ ದೀಪ ಹತ್ತಲಿಲ್ಲ.

ಇದೆಲ್ಲ ನನಗೆ ತಿಳಿದದ್ದು ಯಜಮಾನಿ ಕಣ್ಣಿನ ಪೊರೆ ತೆಗೆಸಿಕೊಂಡು ಹೊಸ ಕನ್ನಡಕಕ್ಕೆಂದು ನಮ್ಮ ಅಂಗಡಿಗೆ ಬಂದಾಗ. ಕನ್ನಡಕ ಹಾಕಿ ಕೂರಿಸಿದರೆ ಗೋಡೆಯ ಅಕ್ಷರಗಳಲ್ಲಿ ಕಟ್ಟಕಡೆಯ ಸಾಲನ್ನೂ ಓದಿದರು, ಕೆಳಗೆ ಅಚ್ಚು ಹಾಕಿದವರ ವಿಳಾಸವನ್ನೂ ಓದಿದರು. ಓದಿ ನಿಟ್ಟುಸಿರು ಬಿಟ್ಟರು.

"ಕಣ್ಣು ಬಂತಪ್ಪ. ದೀಪ ಇಲ್ಲ."

ಆಗ ಅವರು ಹೇಳಿದ್ದು ಒಂದು ಪತ್ತೇದಾರಿ ಕಾದಂಬರಿಯ ಸಂಗತಿ. ಮೂವತ್ತೊಂದು ವರ್ಷದ ಹಿಂದೆ ಓದುತ್ತಿದ್ದರಂತೆ. ನೂರಾ ಹನ್ನೆರಡನೇ ಪುಟ. ದೊಡ್ಡ ಮನೆ, ಕೊಲೆಯಾಗಿದೆ, ಎಲ್ಲರನ್ನೂ ಒಂದು ಕೋಣೆಯಲ್ಲಿ ಸೇರಿಸಿದ್ದಾರೆ. "ಕೊಂದವರು ಇಲ್ಲೇ, ನಮ್ಮ ಜೊತೇಲೇ ಕೂತಿದ್ದಾರೆ ಅಂತಾನೆ ಪತ್ತೇದಾರ. ನಾನು ಪುಟ ತಿರುಗಿಸ್ಬೇಕು, ಅಷ್ಟರಲ್ಲಿ ಇವರು ಬಂದ್ರು. ದೀಪ ಆರ್ಸಿದ್ರು. ಪುಸ್ತಕ ಕಿತ್ತು ಗಾಜಿನ ಕಪಾಟಿಗೆ ಹಾಕಿ ಬೀಗ ಹಾಕಿದ್ರು. ಮೂವತ್ತೊಂದು ವರ್ಷದಿಂದ ಆ ಪುಸ್ತಕದ ಬೆನ್ನು ಕಾಣುತ್ತೆ ಕಣಪ್ಪ ಗಾಜಿನೊಳಗೆ. ಅಡುಗೆ ಮಾಡ್ತಾ ಮಾಡ್ತಾ ಯಾರು ಕೊಂದಿರ್ಬೋದು ಅಂತ ಯೋಚ್ನೆ ಮಾಡ್ತೀನಿ. ಒಂದೊಂದು ದಿನ ಒಬ್ಬೊಬ್ಬರು ಅನ್ಸುತ್ತೆ."

"ಈಗ ತೆಗೆದು ಓದ್ಬೋದಲ್ಲ ಅಮ್ಮ?"

"ಕೀಲಿ ಮೈದುನನ ಹತ್ರ. ಅಣ್ಣ ಒಪ್ಪಬೇಕು ಅಂತಾನೆ. ಅಣ್ಣ ಪಾತ್ರೇಲಿ ಕೂತು ನೋಡ್ತಾ ಇದ್ದಾರೆ." ಅವರು ನನ್ನ ಮುಂಗೈ ಹಿಡಿದುಕೊಂಡರು. ಕೈ ತಣ್ಣಗಿತ್ತು. "ನಿನ್ನ ಕಣ್ಣು ಚೂಪು ಅಂತಾರೆ. ಬಂದು ನೋಡಿ ಹೇಳು. ಅದು ಗಂಡಾ, ಹೆಣ್ಣಾ? ಹೆಣ್ಣಾದ್ರೆ ಅವರಲ್ಲ. ನಾನು ದೀಪ ಹಾಕ್ಕೋತೀನಿ."

ಬುದ್ಧಿ ಇದ್ದವನಾದರೆ ಗೊತ್ತಿಲ್ಲಮ್ಮ ಎನ್ನುತ್ತಿದ್ದ. ನಾನು ಕನ್ನಡಕ ಒರೆಸುವ ಬಟ್ಟೆಯನ್ನು ಹೆಗಲಿಗೆ ಹಾಕಿಕೊಂಡು, "ಫೈಟರ್ ಮೀನು ತಾನೇ? ಚಿಕ್ಕಂದಿನಲ್ಲಿ ಸಾಕಿದ್ದೆ. ಒಂದು ನೋಟ ಸಾಕು" ಎಂದೆ. ಸಾಕಿದ್ದು ಆಮೆ. ಅದೂ ಪಕ್ಕದ ಮನೆಯವರದು.

ಮಧ್ಯಾಹ್ನ ಅವರ ನಡುಮನೆಗೆ ಇಳಿದೆ. ಟೈಪ್ ಮೇಷ್ಟ್ರು ಆಗಲೇ ಬಂದು ಸಿಗರೇಟು ಸೇದುತ್ತ ನಿಂತಿದ್ದರು. ಕತ್ತಲೆಯಲ್ಲಿ ಸಿಗರೇಟಿನ ತುದಿ ಒಂದೇ ಕಾಣುತ್ತಿತ್ತು. ಮನೆ ಎಷ್ಟು ನಿಶ್ಶಬ್ದವಾಗಿತ್ತೆಂದರೆ ಹೊರಗೋಡೆಯ ಮೀಟರಿನ ಚಕ್ರ ಸವೆಯುವ ಸದ್ದು ಕೇಳಿಸುತ್ತಿತ್ತು. ಮನೆಯಲ್ಲಿ ಒಂದು ದೀಪವೂ ಇಲ್ಲ, ಫ್ಯಾನಿಲ್ಲ. ಏನಕ್ಕೆ ತಿರುಗುತ್ತಿದೆ ಎಂದು ನಾನು ಕೇಳಲಿಲ್ಲ.

ಪಾತ್ರೆಯ ಮುಂದೆ ಬಗ್ಗಿದೆ. ಮೀನು ನಿಧಾನವಾಗಿ ತಿರುಗಿತು. ಮುಂದಕ್ಕೆ ಬಂತು. ಗಾಜಿಗೆ ಮೂಗು ಮುಟ್ಟಿಸಿ ನನ್ನ ಕಣ್ಣನ್ನೇ ನೋಡಿತು. ಮೂರು ವರ್ಷದ ಹಿಂದೆ ಮೆಟ್ಟಿಲ ದೀಪ ಆರಿಸದೆ ಮಲಗಿದ್ದು ನನಗೆ ಥಟ್ಟನೆ ನೆನಪಾಯಿತು.

"ಗಂಡೇ" ಎಂದೆ. ನೆಟ್ಟಗೆ ನಿಂತೆ. "ಗಂಡೇ, ಯಜಮಾನ್ರೇ."

ಆ ಯಜಮಾನ್ರೇ ಎಂಬ ಮಾತು ಬೇಕಿರಲಿಲ್ಲ. ಯಜಮಾನಿ ಸೆರಗಿನಿಂದ ಬಾಯಿ ಮುಚ್ಚಿಕೊಂಡು ಒಳಗೆ ಹೋದರು. ಟೈಪ್ ಮೇಷ್ಟ್ರು ಶಾಲೆಗೆ ಓಡಿ, ಅರ್ಧ ಗಂಟೆಯಲ್ಲಿ ಮೂರು ಪ್ರತಿ ಟೈಪ್ ಮಾಡಿಕೊಂಡು ಬಂದರು. 'ಈ ಮೂಲಕ ದೃಢೀಕರಿಸುವುದೇನೆಂದರೆ, ಸದರಿ ಮೀನನ್ನು ಖುದ್ದು ಪರಿಶೀಲಿಸಿದ್ದು, ಅದು ಗಂಡು ಎಂದು ಖಚಿತಪಟ್ಟಿರುತ್ತದೆ.' ನಾನು ಸಹಿ ಮಾಡಿದೆ. ಒಂದು ಪ್ರತಿಯನ್ನು ಅವರು ಪಾತ್ರೆಗೆ ಆನಿಸಿ ನಿಲ್ಲಿಸಿದರು, ಓದಿಕೊಳ್ಳಲಿ ಎಂದು. ಆಮೇಲೆ ಮೀನಿನ ಮುಂದೆ ಕೈಕಟ್ಟಿ ನಿಂತು ಆರು ತಿಂಗಳ ಸಮಾಚಾರವನ್ನು ಒಂದೇ ಉಸಿರಿಗೆ ಒಪ್ಪಿಸಿದರು.

ಸಂಜೆ ಏಳಕ್ಕೆ ನಮ್ಮ ಮಹಡಿಯ ದೀಪವೂ ಹೋಯಿತು. ಕೆಳಗೆ ಹೋಗಿ ಕೇಳಿದರೆ ಮೇಷ್ಟ್ರು ಫ್ಯೂಸನ್ನು ಜೇಬಿನಲ್ಲಿಟ್ಟುಕೊಂಡು ಹೊರಡುತ್ತಿದ್ದರು. "ನಾನೇನ್ ಮಾಡ್ಲಿ ಸ್ವಾಮಿ? ಅಣ್ಣ ತಲೆ ಎತ್ತಿ ನಿಮ್ಮ ಸೂರು ನೋಡಿದ್ರು."

ನನ್ನ ಹೆಂಡತಿ ಕತ್ತಲೆಯಲ್ಲೇ ನನ್ನ ಮುಖ ಎಲ್ಲಿದೆ ಎಂದು ಅಂದಾಜು ಮಾಡಿ ಮಾತಾಡಿದಳು. "ಬದುಕಿದ್ದಾಗ ಎಂಟಕ್ಕೆ ಆರಿಸೋರು. ಸತ್ತ ಮೇಲೆ ಏಳಕ್ಕೇ ಶುರು. ಏನ್ರೀ ಕಂಡಿದ್ದು ನಿಮಗೆ ಆ ಮೀನಲ್ಲಿ?"

"ಅದು ನೋಡೋ ರೀತಿ ಕಣೇ..."

"ನಾನೂ ಹಾಗೇ ನೋಡ್ತೀನಿ. ನಾನು ಗಂಡಾ? ನಾಳೆ ಹೋಗಿ ಅದನ್ನ ಹೆಣ್ಣು ಮಾಡ್ಕೊಂಡು ಬನ್ನಿ. ಅಲ್ಲೀವರ್ಗೂ ಒಲೆ ಹಚ್ಚಲ್ಲ. ಕತ್ತಲಲ್ಲಿ ಉಪ್ಪು ಯಾವುದು, ಸೋಡ ಯಾವುದು, ನೀವೇ ಒಂದು ನೋಟಕ್ಕೆ ಹೇಳಿ."

ಮರುದಿನ ಮೀನಿನ ಅಂಗಡಿಗೆ ಹೋದೆ. ಗೋಡೆ ತುಂಬ ಬಾಟಲಿ, ಒಂದೊಂದರಲ್ಲಿ ಒಂದೊಂದು ಫೈಟರ್ ಮೀನು. ಒಂದನ್ನೊಂದು ನೋಡಿದರೆ ಹೊಡೆದಾಡುತ್ತವೆಂದು ನಡುನಡುವೆ ರಟ್ಟಿನ ತುಂಡು. ಅಂಗಡಿಯವನು ಆಕಳಿಸುತ್ತ ಪಾಠ ಹೇಳಿದ.

"ಉದ್ದ ರೆಕ್ಕೆ ಇದ್ರೆ ಗಂಡು ಸಾರ್. ಗಿಡ್ಡ ಇದ್ರೆ ಹೆಣ್ಣು."

"ಗಿಡ್ಡ ಇದೆ!"

"ಹಾಗಾದ್ರೆ ಹೆಣ್ಣು. ಆದ್ರೆ ಗಿಡ್ಡ ರೆಕ್ಕೆಯ ಗಂಡಿನ ಜಾತೀನೂ ಇದೆ."

"ಗಡ್ಡ ಬರುತ್ತೆ."

"ಕೆನ್ನೆ ಉಬ್ಬಿಸಿದ್ರೆ ಗಂಡಿಗೆ ದೊಡ್ಡ ಗಡ್ಡ. ಹೆಣ್ಣಿಗೂ ಬರುತ್ತೆ, ಚಿಕ್ಕದು."

"ಚಿಕ್ಕದು ಅಂದ್ರೆ ಎಷ್ಟು?"

"ದೊಡ್ಡದಕ್ಕಿಂತ ಚಿಕ್ಕದು ಸಾರ್. ನೀರಿನ ಮೇಲೆ ನೊರೆ ಕಟ್ಟಿದ್ರೆ ಗಂಡು, ಅದು ಅವನು ಮರಿಗೆ ಕಟ್ಟೋ ಗೂಡು. ಕೆಲವು ಹೆಣ್ಣೂ ಕಟ್ಟುತ್ತೆ, ಸುಮ್ನೆ. ಎಲ್ಲಕ್ಕಿಂತ ಗ್ಯಾರಂಟಿ ಅಂದ್ರೆ ಹೊಟ್ಟೆ ಕೆಳಗೆ ನೋಡಿ. ಸಾಸಿವೆಗಿಂತ ಸಣ್ಣ ಬಿಳಿ ಚುಕ್ಕೆ. ಅದಿದ್ರೆ ಹೆಣ್ಣು, ಮೊಟ್ಟೆ ಇಡೋ ಜಾಗ ಅದು."

ಎದ್ದು ಹೊರಡುವಾಗ, ಟೈಪ್ ಮೇಷ್ಟ್ರಿಗೆ ಕೊಟ್ಟ ಆ ಕಡುನೀಲಿ ಮೀನು ಯಾವ ಬಾಟಲಿಯದು ಎಂದು ಕೇಳಿದೆ. ಅಂಗಡಿಯವನು ಬಾಟಲಿಗಳನ್ನು ಒಮ್ಮೆ, ನನ್ನನ್ನು ಒಮ್ಮೆ ನೋಡಿದ.

"ಟೈಪ್ ಮೇಷ್ಟ್ರಿಗಾ? ಅವರು ಖಾಲಿ ಪಾತ್ರೆ ತಗೊಂಡು ಹೋದ್ರಲ್ಲ ಸಾರ್."

ಆಮೇಲೆ ಮೇಷ್ಟ್ರನ್ನು ಕೇಳಿದೆ. "ಪಾತ್ರೆ ತಂದೆ. ಮನೆಗೆ ಬಂದು ಬಟ್ಟೆ ಸರಿಸಿದಾಗ ಮೀನು ಇತ್ತು. ಅಂಗಡಿಯವನು ಹಾಕಿರ್ಬೇಕು" ಎಂದರು. ಅವರ ಬೆರಳುಗಳು ಆಗ ಟೈಪ್ ಮಾಡುವುದನ್ನು ನಿಲ್ಲಿಸಿದ್ದವು.

ಮೂರನೆಯ ದಿನ ಬೆಳಿಗ್ಗೆ ಯಜಮಾನಿ ನನ್ನನ್ನು ಕೂಗಿ ಕರೆದರು. ಪಾತ್ರೆಯ ನೀರಿನ ಮೇಲೆ, ಒಂದು ಅಂಚಿನಲ್ಲಿ, ಬಿಳಿ ನೊರೆ ಕಟ್ಟಿತ್ತು. ಮೀನು ಅದರ ಕೆಳಗೆ ಗಲ್ಲ ಎತ್ತಿ ನಿಂತಿತ್ತು.

"ಗಂಟೆ ಎಷ್ಟು?" ಎಂದರು ಯಜಮಾನಿ.

"ಏಳೂಕಾಲು ಅಮ್ಮ."

"ಏಳೂಕಾಲಕ್ಕೇ ಅವರು ಗಡ್ಡಕ್ಕೆ ನೊರೆ ಹಚ್ಕೊತಿದ್ದಿದ್ದು."

ನನಗೂ ಒಂದು ಗಳಿಗೆ ಶೇವಿಂಗ್ ಸೋಪಿನ ವಾಸನೆ ಬಂದಂತಾಯಿತು. ಆಮೇಲೆ ನೆನಪಾಯಿತು, ನನ್ನ ಕಿವಿಯ ಹಿಂದೆಯೇ ಸೋಪು ಉಳಿದಿತ್ತು. ಅರ್ಧ ಶೇವಿಗೇ ಕೆಳಗೆ ಓಡಿಬಂದಿದ್ದೆ.

ಆ ವೇಳೆಗೆ ಮೇಷ್ಟ್ರೂ ಬಂದರು. ನನ್ನ ಹೆಂಡತಿ ಮೆಟ್ಟಿಲ ಮೇಲೆ ನಿಂತು ಕಣ್ಣಲ್ಲೇ ನನ್ನನ್ನು ಮುಂದಕ್ಕೆ ತಳ್ಳಿದಳು. ನಾನು ಚುಕ್ಕೆಯ ವಿಷಯ ಹೇಳಿದೆ. ದೀಪ ಹಾಕುವಂತಿಲ್ಲ. ಟಾರ್ಚನ್ನು ಕರವಸ್ತ್ರದಲ್ಲಿ ಸುತ್ತಿ ನೆಲದಿಂದ ಬೆಳಕು ಬಿಟ್ಟೆವು. ನನ್ನ ಭೂತಗನ್ನಡಿ ಅಂಗಡಿಯಲ್ಲಿತ್ತು. ಯಜಮಾನಿಯ ಕನ್ನಡಕಕ್ಕೆ ಒಳ್ಳೇ ಪವರ್ ಇದೆಯಲ್ಲ ಎಂದು ಅದನ್ನೇ ಇಸಿದುಕೊಂಡು ಪಾತ್ರೆಗೆ ಹಿಡಿದು, ಒಂದು ಕಣ್ಣು ಮುಚ್ಚಿ ನೋಡಿದೆ. ಮೀನಿನ ಹೊಟ್ಟೆಯ ಕೆಳಗೆ ಸ್ಪಷ್ಟವಾಗಿ ಒಂದು ಬಿಳಿ ಚುಕ್ಕೆ!

"ಹೆಣ್ಣು!" ಎಂದು ಕಿರುಚಿದೆ.

ಯಜಮಾನಿ ನೋಡಿದರು. "ಚುಕ್ಕೆ ಇದೆ!" ಮೇಷ್ಟ್ರು ಕಸಿದುಕೊಂಡು ನೋಡಿದರು. ಅವರ ಬಾಯಿ ತೆರೆದುಕೊಂಡಿತು. "ಇದೆ" ಎಂದರು ಸಣ್ಣ ದನಿಯಲ್ಲಿ. ನನ್ನ ಹೆಂಡತಿ ಓಡಿಬಂದು ಸ್ವಿಚ್ಚು ಅದುಮಿದಳು. ಇಡೀ ನಡುಮನೆ ಬೆಳಗಿತು. ಮೂವತ್ತೊಂದು ವರ್ಷದ ಧೂಳು ಮೂಲೆಮೂಲೆಯಿಂದ ನಮ್ಮನ್ನು ನೋಡಿತು. ಯಜಮಾನಿ ನಗುತ್ತ ಕನ್ನಡಕ ಹಾಕಿಕೊಂಡು ಮೈದುನನ ಕಡೆ ತಿರುಗಿದರು, ಕೀಲಿ ಕೇಳಲು. ಹಾಗೇ ನಿಂತರು.

"ನಿನ್ನ ಹಣೆ ಮೇಲೂ ಇದೆಯಲ್ಲೋ."

"ಏನು?"

"ಬಿಳಿ ಚುಕ್ಕೆ. ಗೋಡೆ ಮೇಲೂ ಇದೆ. ಗಡಿಯಾರದ ಮೇಲೂ."

ಇಲ್ಲಿ ನನ್ನ ಕಸುಬಿನ ಒಂದು ಮಾತು ಹೇಳಬೇಕು. ಗಾಜನ್ನು ಫ್ರೇಮಿಗೆ ಕೂರಿಸುವ ಮೊದಲು ಅದರ ನಡುಬಿಂದು ಎಲ್ಲಿದೆಯೆಂದು ಕಂಡುಹಿಡಿದು ಅಲ್ಲೊಂದು ಸಣ್ಣ ಚುಕ್ಕೆ ಇಡುತ್ತೇವೆ. ಕೂರಿಸಿದ ಮೇಲೆ ಒರೆಸಿಬಿಡಬೇಕು. ಹತ್ತೊಂಬತ್ತು ವರ್ಷದಲ್ಲಿ ಒಂದು ಸಲವೂ ನಾನು ಒರೆಸಲು ಮರೆತವನಲ್ಲ. ಯಜಮಾನಿ ಅಂಗಡಿಗೆ ಬಂದ ದಿನ ಮಾತ್ರ ಒರೆಸುವ ಬಟ್ಟೆಯನ್ನು ಹೆಗಲಿಗೆ ಹಾಕಿಕೊಂಡು ಮೀನಿನ ಬಗ್ಗೆ ಜಂಬ ಕೊಚ್ಚುತ್ತಿದ್ದೆ.

ಪಾತ್ರೆಯಲ್ಲಿ ಮೀನಿನ ಕೆನ್ನೆ ನಿಧಾನವಾಗಿ ಉಬ್ಬಿತು. ಗಡ್ಡ ಹೊರಬಂತು. ಸ್ವಿಚ್ಚಿನ ಮೇಲಿದ್ದ ನನ್ನ ಹೆಂಡತಿಯ ಕೈ, ಅವಳ ಕೈಯೂ, ತಾನಾಗಿ ಆರಿಸಿಬಿಟ್ಟಿತು. ಕತ್ತಲೆಯಾಯಿತು.

"ಮೂರು ಪ್ರತಿ ಸುಳ್ಳು ಹೇಳಲ್ಲ" ಎಂದರು ಮೇಷ್ಟ್ರು ಕತ್ತಲೆಯಲ್ಲಿ. ಸಿಗರೇಟು ಹಚ್ಚಿಕೊಂಡರು.

ಅಂಗಡಿಯಲ್ಲಿ ಅವತ್ತಿಡೀ ದಿನ ನನಗೆ ಮುಖವೆತ್ತಲು ಆಗಲಿಲ್ಲ. ಮುದುಕಿಗೆ ಕಣ್ಣು ಕೊಟ್ಟು ಆಮೇಲೆ ಬೆಳಕು ಕಿತ್ತುಕೊಂಡ ಪಾಪಿ ನಾನು. ಗಿರಾಕಿಗಳು ಕನ್ನಡಕ ಹಾಕಿಕೊಂಡು ಮುಖ ನೋಡಿಕೊಳ್ಳುವ ಸಣ್ಣ ಕನ್ನಡಿ ಮೇಜಿನ ಮೇಲಿತ್ತು. ಫೈಟರ್ ಮೀನಿಗೆ ಕನ್ನಡಿ ತೋರಿಸಿದರೆ ಅದರೊಳಗಿರುವುದು ಇನ್ನೊಂದು ಮೀನೆಂದು ತಿಳಿದು ಕಾದಾಟಕ್ಕೆ ನಿಲ್ಲುತ್ತದೆ ಎಂದು ಆರನೆಯ ದಿನ ಯಾರೋ ಗಿರಾಕಿ ಹೇಳಿದರು. ಗಡ್ಡ ಪೂರ್ತಿ ಬಿಟ್ಟಾಗ ಅಳತೆ ಮಾಡಿಬಿಡೋಣ, ಚಿಕ್ಕದೋ ದೊಡ್ಡದೋ ಗೊತ್ತಾಗಲಿ ಎಂದು ಸ್ಕೇಲು, ಕನ್ನಡಿ ಎರಡನ್ನೂ ಹಿಡಿದು ಮಧ್ಯಾಹ್ನವೇ ಮನೆಗೆ ಬಂದೆ.

ಕತ್ತಲೆಯಲ್ಲಿ ಕನ್ನಡಿ ಹಿಡಿದರೆ ಮೀನಿಗೆ ಏನೂ ಕಾಣಲಿಲ್ಲ. ಸುಮ್ಮನಿತ್ತು. ಯಜಮಾನಿಗೆ, "ಒಂದೇ ನಿಮಿಷ ಅಮ್ಮ" ಎಂದು ಗೋಗರೆದು ದೀಪ ಹಾಕಿದೆ. ನಾನಿನ್ನೂ ಕನ್ನಡಿ ಎತ್ತಿರಲಿಲ್ಲ. ಮೀನು ಆಗಲೇ ಉಬ್ಬಿತ್ತು. ಉಬ್ಬಿ ಯಾರನ್ನು ನೋಡುತ್ತಿದೆ ಎಂದು ನಾನೂ ಬಗ್ಗಿ ಅದರ ಕಣ್ಣಿನ ಮಟ್ಟಕ್ಕೆ ನೋಡಿದೆ. ಪಾತ್ರೆಯ ಗಾಜಿನಲ್ಲಿ, ಕತ್ತಲ ಗೋಡೆಗೆ ಎದುರಾಗಿ, ಇನ್ನೊಂದು ಕಡುನೀಲಿ ಮೀನು ಉಬ್ಬಿ ನಿಂತಿತ್ತು.

ಗಾಜಿನಲ್ಲೇ ಹೊಟ್ಟೆ ಹೊರೆಯುವ ನನಗೆ ಇದು ಹೊಳೆಯಲು ಆರು ದಿನ ಬೇಕಾಯಿತು. "ಅಮ್ಮ! ಅದು ದೀಪ ನೋಡಿ ಸಿಟ್ಟಾಗೋದಲ್ಲ! ದೀಪ ಹಾಕಿದ್ರೆ ಪಾತ್ರೆ ಕನ್ನಡಿ ಥರ ಆಗುತ್ತೆ. ಅದರ ಎದುರಿಗೆ ಅದೇ ಕಾಣುತ್ತೆ. ಅದಕ್ಕೇ ಉಬ್ಬುತ್ತೆ. ಅಷ್ಟೇ! ದೆವ್ವಾನೂ ಇಲ್ಲ, ಯಜಮಾನ್ರೂ ಅಲ್ಲ!"

ಯಜಮಾನಿ ಕುರ್ಚಿಯ ಎದುರಿಗಿದ್ದ, ಸ್ವಿಚ್ ಬೋರ್ಡಿನ ಪಕ್ಕದ, ಗಾಜಿನ ಕಪಾಟನ್ನು ನೋಡಿದರು. "ಅವರಿಗೂ ಅಷ್ಟೇನಾ ಹಾಗಾದ್ರೆ" ಎಂದರು ಮೆಲ್ಲಗೆ. "ದೀಪ ಹಾಕಿದ ತಕ್ಷಣ ಆ ಗಾಜಿನಲ್ಲಿ ಅವರ ಎದುರಿಗೆ ಅವರೇ ಕಾಣ್ತಿದ್ರು."

ನಾನೂ ತಿರುಗಿ ನೋಡಿದೆ. ಕಪಾಟಿನ ಗಾಜಿನಲ್ಲಿ ಕುರ್ಚಿ ಕಾಣುತ್ತಿತ್ತು. ಟ್ರಂಕು ಎದೆಯ ಜಾಗದಲ್ಲಿತ್ತು. ಕೂತವರ ಮುಖ ಇರಬೇಕಾದಲ್ಲಿ ಸರಿಯಾಗಿ, ಕೆನ್ನೆ ಉಬ್ಬಿಸಿಕೊಂಡು, ಮೀನು ನಿಂತಿತ್ತು. ನನ್ನ ವಿವರಣೆಯಿಂದ ಸಂಗತಿ ಸ್ಪಷ್ಟವಾಗುವ ಬದಲು ಮೀನು ಇನ್ನಷ್ಟು ಯಜಮಾನರೇ ಆಯಿತು. ದೀಪ ಆರಿಸಿ, ಸ್ಕೇಲು ಅಲ್ಲೇ ಬಿಟ್ಟು ಬಂದೆ.

ಎಂಟನೆಯ ದಿನ ಸಂಜೆ ನಾಲ್ಕಕ್ಕೆ ಯಜಮಾನಿ ಮತ್ತೆ ಕೂಗಿದರು. ಈ ಸಲದ ಕೂಗು ಬೇರೆ ಥರ ಇತ್ತು. ಮೇಷ್ಟ್ರು ಪಾತ್ರೆಯ ಎದುರು ಸಮಾಚಾರ ಒಪ್ಪಿಸುತ್ತ ಅರ್ಧಕ್ಕೇ ನಿಂತಿದ್ದರು. ಟಾರ್ಚಿನ ಬೆಳಕಿನಲ್ಲಿ ಪಾತ್ರೆಯ ತಳ ತೋರಿಸಿದರು. ಅಲ್ಲಿ ಬಿಳಿ ಚುಕ್ಕೆಗಳು. ಒಂದಲ್ಲ, ಹತ್ತಿಪ್ಪತ್ತು.

ನಾನು ಮಾಡಿದ ಮೊದಲ ಕೆಲಸ ಯಜಮಾನಿಯ ಕನ್ನಡಕ ತೆಗೆದು ಒರೆಸಿದ್ದು. ನನ್ನದನ್ನೂ ಒರೆಸಿದೆ. ಮೇಷ್ಟ್ರದನ್ನೂ ಒರೆಸಿದೆ. ಟಾರ್ಚಿನ ಗಾಜು, ಪಾತ್ರೆಯ ಹೊರಮೈ ಎಲ್ಲ ಒರೆಸಿದೆ. ಚುಕ್ಕೆಗಳು ಅಲ್ಲೇ ಇದ್ದವು.

"ಮೊಟ್ಟೆ" ಎಂದಳು ನನ್ನ ಹೆಂಡತಿ ಮೆಟ್ಟಿಲ ಮೇಲಿಂದ. "ಗಂಡು ಮೊಟ್ಟೆ ಇಡುತ್ತಾ ಮೇಷ್ಟ್ರೇ? ಮೂರು ಪ್ರತಿ ಟೈಪ್ ಮಾಡಿದ್ರೂ ಇಡಲ್ಲ."

ನಾವು ನೋಡುತ್ತಿದ್ದಂತೆ ಮೀನು ಕೆಳಗಿಳಿಯಿತು. ತಳಕ್ಕೆ ಹೋಗಿ, ತಾನಿಟ್ಟ ಮೊಟ್ಟೆಗಳನ್ನು ಒಂದೊಂದಾಗಿ, ಯಾವ ಅವಸರವೂ ಇಲ್ಲದೆ, ತಿನ್ನತೊಡಗಿತು. ಕೊನೆಯದನ್ನು ತಿಂದು ಮೇಲಕ್ಕೆ ಬಂದು, ಮೇಷ್ಟ್ರನ್ನು ನೋಡಿತು.

"ಹೆಣ್ಣೇ" ಎಂದರು ಯಜಮಾನಿ. ನಾನು ಗೆದ್ದೆನೆಂದುಕೊಂಡೆ. ಅವರು ಇನ್ನೂ ಹತ್ತಿರ ಹೋಗಿ ಮೀನನ್ನು ಅಡಿಯಿಂದ ಮುಡಿಯವರೆಗೆ ನೋಡಿದರು. "ಅವರಲ್ಲ ಇದು. ಅತ್ತೆ."

"ಅಮ್ಮಾ?" ಎಂದರು ಮೇಷ್ಟ್ರು.

"ಮತ್ತಿನ್ಯಾರು? ಈ ಕುರ್ಚಿ ಮೊದಲು ಯಾರದು? ದೀಪ ಆರಿಸೋದನ್ನ ನಿಮ್ಮಣ್ಣನಿಗೆ ಕಲಿಸಿದ್ದು ಯಾರು? ಇಬ್ಬರು ಮಕ್ಕಳನ್ನೂ ಹಿಂಗೇ ನುಂಗಿ ಹಾಕಿದ್ರು ಮಹಾತಾಯಿ."

ಅರವತ್ತು ದಾಟಿದ ಆ ಮನುಷ್ಯ ನನ್ನ ಕಣ್ಣೆದುರೇ ಆರು ವರ್ಷದ ಹುಡುಗನಾದರು. ಬೆನ್ನು ನೆಟ್ಟಗಾಯಿತು. ಉರಿಯುವ ಸಿಗರೇಟನ್ನು ಬೆನ್ನ ಹಿಂದೆ ಅಡಗಿಸಿದರು. ಹೊಗೆ ಅವರ ಹೆಗಲ ಮೇಲಿಂದ ಎದ್ದು ಬರುತ್ತಿತ್ತು.

ಯಜಮಾನಿ ಆ ಹೊಗೆಯನ್ನು ನೋಡಿದರು. ಮೂವತ್ತೊಂದು ವರ್ಷ ಕಾದವರು ಇಂಥ ಗಳಿಗೆಯನ್ನು ಬಿಡುತ್ತಾರೆಯೇ? ಪಾತ್ರೆಯ ಕಡೆ ಬಗ್ಗಿ ದೊಡ್ಡ ದನಿಯಲ್ಲಿ, "ಅತ್ತೇ, ನಿಮ್ಮ ಚಿಕ್ಕ ಮಗ ಇದ್ದಾನಲ್ಲ..." ಎಂದು ಶುರು ಮಾಡಿದರು.

"ಅತ್ತಿಗೆ, ಬೇಡ!"

"ಕೀಲಿ."

ಕೀಲಿ ಬಂತು. ನಮ್ಮ ಫ್ಯೂಸೂ ಜೊತೆಗೇ ಬಂತು. ಕಪಾಟು ತೆರೆಯಿತು. ಯಜಮಾನಿ ಪುಸ್ತಕದ ಧೂಳು ಒರೆಸಿ, ಸ್ವಿಚ್ಚಿನ ಹತ್ತಿರ ಹೋಗಿ, ದೀಪ ಹಾಕಿದರು. ಮೀನು ಉಬ್ಬಿತು. ಆದರೆ ಅವರ ಕೈ ಈ ಸಲ ಹಿಂದಕ್ಕೆ ಹೋಗಲಿಲ್ಲ.

"ಅವರ ಜೊತೆ ಏಗೋಕೆ ಆಗಲಿಲ್ಲಪ್ಪ ನನ್ನ ಕೈಲಿ. ಅತ್ತೆ ಜೊತೆ ಏಗಿ ಗೆದ್ದೋಳು ನಾನು. ಅವರಿಗೆ ಕಥೆ ಅಂದ್ರೆ ಪ್ರಾಣ, ಓದೋಕೆ ಬರ್ತಿರ್ಲಿಲ್ಲ" ಎಂದು ನೂರಾ ಹನ್ನೆರಡನೇ ಪುಟ ತೆರೆದು, ಸ್ಟೂಲು ಎಳೆದುಕೊಂಡು, ಪುಸ್ತಕವನ್ನು ಪಾತ್ರೆಗೆ ಒತ್ತಿ ಹಿಡಿದು ಗಟ್ಟಿಯಾಗಿ ಓದತೊಡಗಿದರು. ಬಿಳಿ ಹಾಳೆ ಅಡ್ಡ ಬಂದಿದ್ದರಿಂದ ಎದುರಿನ ಮೀನು ಮಾಯವಾಯಿತು. ಕೆನ್ನೆ ಇಳಿಯಿತು. ಮೀನು ಅಕ್ಷರಗಳ ಹತ್ತಿರ ಬಂದು ಅಲುಗದೆ ನಿಂತಿತು. ಗಾಜು, ಬೆಳಕು, ಹಾಳೆ, ಕಾರಣವೆಲ್ಲ ನನಗೆ ಗೊತ್ತಿತ್ತು. ಆದರೂ ಅದು ಕೇಳುತ್ತಿದೆ ಎಂದೇ ಅನಿಸಿತು.

"ಕೊಂದವರು ಇಲ್ಲೇ, ನಮ್ಮ ಜೊತೆಯಲ್ಲೇ ಕುಳಿತಿದ್ದಾರೆ ಎಂದು ಪತ್ತೇದಾರ ನುಡಿದ" ಎಂದು ಓದಿ, ಯಜಮಾನಿ ಪುಟ ತಿರುಗಿಸಿದರು. ಮುಂದೆ ಓದಲಿಲ್ಲ. ಪುಸ್ತಕವನ್ನು ನನ್ನ ಕಡೆ ಚಾಚಿದರು.

ನೂರಾ ಹದಿಮೂರನೇ ಪುಟದ ಅಂಚಿನಲ್ಲಿ ಕೆಂಪು ಪೆನ್ಸಿಲಿನಲ್ಲಿ, ಮೀಟರ್ ಕಾರ್ಡಿನ ಮೇಲೆ ಬರೆಯುವ ಅದೇ ನೆಟ್ಟನೆಯ ಅಕ್ಷರದಲ್ಲಿ ಬರೆದಿತ್ತು: 'ಕೊಂದವನು ಡಾಕ್ಟರು. ಗೊತ್ತಾಯಿತಲ್ಲ. ದೀಪ ಆರಿಸು.'

"ಅಣ್ಣನ ಕೈಬರಹ" ಎಂದರು ಮೇಷ್ಟ್ರು. ಹೊರಗೋಡೆಯ ಮೀಟರಿನ ಸದ್ದು ನಿಂತಂತಾಯಿತು. ಮೂವತ್ತೊಂದು ವರ್ಷ ಅಡುಗೆ ಮಾಡುತ್ತ ಮಾಡುತ್ತ ಕಾಯ್ದಿಟ್ಟುಕೊಂಡಿದ್ದನ್ನು ಆ ಮನುಷ್ಯ ಒಂದು ಸಾಲಿನಲ್ಲಿ ಮುಗಿಸಿ ಹೋಗಿದ್ದ. ನನಗೆ ಭಯ ಹೋಗಿ ಕೆಟ್ಟ ಸಿಟ್ಟು ಬಂತು. ಯಜಮಾನಿ ಪುಸ್ತಕ ಮುಚ್ಚುತ್ತಾರೆ ಎಂದುಕೊಂಡೆ. ಮೊದಲು ಮಾತಾಡಿದ್ದು ನನ್ನ ಹೆಂಡತಿ.

"ಓದಿ ಅಮ್ಮ. ಕಥೇಲಿ ಬರೋ ಆ ಡ್ರೈವರ್ ಮೇಲೆ ನನಗೆ ಅನುಮಾನ."

ಅವರು ಕನ್ನಡಕ ಸರಿಮಾಡಿಕೊಂಡರು. ಓದಿದರು. ನಾವು ನೆಲದ ಮೇಲೆ ಕೂತು ಕೇಳಿದೆವು. ಮೇಷ್ಟ್ರ ಬೆರಳುಗಳು ಪ್ರತಿ ಮಾತನ್ನೂ ತೊಡೆಯ ಮೇಲೆ ಟೈಪ್ ಮಾಡಿದವು. ಹೊರಗೆ ಹೊತ್ತು ಮುಳುಗಿತು. ನೂರಾ ನಲವತ್ತನೇ ಪುಟದಲ್ಲಿ ಪತ್ತೇದಾರ ಡಾಕ್ಟರ ಕೈ ಕುಲುಕಿ, ನೀವು ನಿರಪರಾಧಿ ಎಂದ. ತಿರುಗಿ, ಮೂಲೆಯಲ್ಲಿ ಸ್ವೆಟರ್ ಹೆಣೆಯುತ್ತಿದ್ದ ಸತ್ತವನ ಅಕ್ಕನ ಕಡೆ ಬೊಟ್ಟು ಮಾಡಿದ.

ಯಜಮಾನಿ ಪುಸ್ತಕವನ್ನು ತೊಡೆಯ ಮೇಲಿಟ್ಟುಕೊಂಡರು. ಅವರ ಹೆಗಲು ಕುಲುಕತೊಡಗಿತು. ಅಳುತ್ತಿದ್ದಾರೆಂದು ಹತ್ತಿರ ಹೋದರೆ, ನಗು.

"ಡಾಕ್ಟರ್ ಅಲ್ಲ ಕಣೋ! ಅವರು ಓದೇ ಇಲ್ಲ! ಸುಮ್ನೆ ಒಂದು ನೋಟ ನೋಡಿ ಬರೆದಿದ್ದಾರೆ." ಕಣ್ಣೊರೆಸಿಕೊಂಡರು. "ಓದಬೇಕಾದ್ರೆ ದೀಪ ಹಾಕಬೇಕಿತ್ತಲ್ಲ."

ಆ ಮಾತು ಮುಗಿಯುವುದಕ್ಕೂ, ತಲೆಯ ಮೇಲೆ ಬಲ್ಬು ಠಪ್ಪೆಂದು ಹೋಗುವುದಕ್ಕೂ ಸರಿಹೋಯಿತು.

ಗಾಢ ಕತ್ತಲೆ. ಕುರ್ಚಿಯ ಕಡೆಯಿಂದ ನೀರು ಒಮ್ಮೆ ಪುಳಕ್ ಎಂದ ಸದ್ದಾಯಿತು. ನನ್ನ ಹೆಂಡತಿ ನನ್ನ ಕೈ ಹಿಡಿದುಕೊಂಡಳು, ಅಥವಾ ಹಿಡಿದದ್ದು ಮೇಷ್ಟ್ರು ಇರಬಹುದು. ಆಮೇಲೆ ಯಜಮಾನಿಯ ದನಿ ಕೇಳಿಸಿತು.

"ಕನ್ನಡಕದಪ್ಪ, ಹೋಗಿ ಒಂದು ಬಲ್ಬ್ ತಗೊಂಡು ಬಾ. ಇದಕ್ಕಿಂತ ದೊಡ್ಡದು. ಕಪಾಟಲ್ಲಿ ಇನ್ನೂ ಇಪ್ಪತ್ತೆರಡು ಪುಸ್ತಕ ಇದೆ."